ಗೋವರ್ಧನ ಮಾಸ್ಟ್ರು ಮೀನು ಬಿಟ್ಟದ್ದು

ಬೀಜಾಡಿಯ ಗೋವರ್ಧನ ಮಾಸ್ಟ್ರು ಒಂದು ಭಾನುವಾರ ಮಧ್ಯಾಹ್ನ ಮೀನು ತಿನ್ನಲಿಲ್ಲ. ಒಬ್ಬ ಮನುಷ್ಯ ಒಂದು ಹೊತ್ತು ಮೀನು ತಿನ್ನದಿದ್ದರೆ ಭೂಮಿಯೇನೂ ಬಾಯಿ ಬಿಡುವುದಿಲ್ಲ ಎಂದು ಹೇಳುವವರಿದ್ದಾರೆ. ಅವರು ಬೀಜಾಡಿಯವರಲ್ಲ. ಬಂಗುಡೆ ರಾಶಿ ರಾಶಿಯಾಗಿ ಬೀಳುವ ಅಕ್ಟೋಬರ್ ತಿಂಗಳು. ಸೋಮವಾರವಲ್ಲ, ಸಂಕ್ರಾಂತಿಯಲ್ಲ, ಮನೆಯಲ್ಲಿ ಸೂತಕವಿಲ್ಲ. ಹೀಗಿರುವಾಗ ಗಟ್ಟಿಮುಟ್ಟಾದ ಗಂಡಸೊಬ್ಬ ಬಟ್ಟಲಿನ ಮುಂದೆ ಕೂತು ಮೀನು ಬೇಡ ಎಂದರೆ ಅದಕ್ಕೊಂದು ಕಾರಣ ಇರಲೇಬೇಕು. ಕಾರಣ ಇತ್ತು. ಮಾಸ್ಟ್ರು ಅದನ್ನು ಹೇಳಲಿಲ್ಲ, ಅಷ್ಟೆ. ಎಡವಟ್ಟು ಶುರುವಾದದ್ದು ಅಲ್ಲಿಂದ.

ಮಾಸ್ಟ್ರು ಕುಂದಾಪುರದ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ತಾತ್ಕಾಲಿಕ ಉಪನ್ಯಾಸಕರು. ತಾತ್ಕಾಲಿಕ ಎಂಬ ಮಾತು ಅವರಿಗೆ ಅಂಟಿಕೊಂಡು ಎಷ್ಟು ಕಾಲವಾಗಿತ್ತೆಂದರೆ, ಆ ಕಾಲೇಜಿನಲ್ಲಿ ಕಾಯಂ ಆಗಿ ಉಳಿದದ್ದು ಅದೊಂದೇ. ಎರಡು ಸಾವಿರದ ಆರರ ಆ ಅಕ್ಟೋಬರಿನಲ್ಲಿ, ಕಾಲೇಜುಗಳಿಗೆ ದರ್ಜೆ ಕೊಡುವ ಸಮಿತಿಯೊಂದು ದೆಹಲಿಯಿಂದ ಬರುತ್ತದೆ ಎಂದು ಗೊತ್ತಾಯಿತು. ಪ್ರಿನ್ಸಿಪಾಲ್ ಮೂಕಾಂಬಿಕಾ ಮೇಡಂ ಎಲ್ಲ ಉಪನ್ಯಾಸಕರನ್ನೂ ಕರೆದು ಕೂರಿಸಿದರು.

"ಕಾಣಿ, ಗೋಡಿಗ್ ಬಣ್ಣ ಬಳ್ದ್ ಆಯ್ತ್, ನಲ್ಲಿಯಲ್ ನೀರೂ ಬತ್ತಿತ್ತ್. ಆದ್ರೆ ಈ ಸಮಿತಿಯವ್ರ್ ಒಬ್ಬೊಬ್ರನ್ನೇ ಹಿಡ್ದ್, ನಿಮ್ಮ ಸ್ವಂತ ಬೋಧನಾ ತತ್ವ ಎಂತದ್ದ್ ಅಂದೇಳಿ ಕೇಂತ್ರಂಬ್ರ್. ಯಾರಿಗಾರೂ ಅಂಥದ್ದ್ ಒಂದ್ ಇತ್ತಾ?"

ಎಲ್ಲರೂ ಒಟ್ಟಿಗೆ ಫ್ಯಾನು ನೋಡಿದರು. ಸಂಬಳ ಇತ್ತು, ಸಿಲಬಸ್ ಇತ್ತು, ಕೆಲವರಿಗೆ ಶುಗರ್ ಕೂಡ ಇತ್ತು. ತತ್ವ ಮಾತ್ರ ಯಾರ ಹತ್ತಿರವೂ ಇರಲಿಲ್ಲ.

"ಸಮಿತಿಯವ್ರ್ ಮೆಚ್ಚುವಂತ ತತ್ವ ಇದ್ದವ್ರನ್ನ್ ಕಾಯಂ ಮಾಡೂದ್ ಅಂದೇಳಿ ನಮ್ಮ ಅಧ್ಯಕ್ಷರ್ ಚೆನ್ನಯ್ಯನವ್ರ್ ಮಾತ್ ಕೊಟ್ಟಿರ್" ಎಂದು ಮೇಡಂ ಸೇರಿಸಿದರು.

ಮಾಸ್ಟ್ರ ಬಲಗೈ ಮೇಲೆದ್ದಿತು. ಅದನ್ನು ಎತ್ತಿದ್ದು ತಾವಲ್ಲ, ಅದೇ ಎದ್ದದ್ದು ಎಂದು ಅವರು ಇವತ್ತಿಗೂ ವಾದಿಸುತ್ತಾರೆ.

"ನಂಗೊಂದ್ ಇತ್ತ್, ಮೇಡಂ."

"ಹೌದಾ! ಎಂತದ್ದ್?"

"ಅದ್... ಇನ್ನೂ ಹಣ್ಣಾತಾ ಇತ್ತ್."

ಹಣ್ಣಾಗುವ ಮಾತು ಹಾಗಿರಲಿ, ಹೂವೇ ಬಿಟ್ಟಿರಲಿಲ್ಲ. ಸಂಜೆ ಬಸ್ಸಿನಲ್ಲಿ ಮಾಸ್ಟ್ರು ಪಕ್ಕದಲ್ಲಿ ಕೂತಿದ್ದ ಕೃಷ್ಣಯ್ಯ ಉರಾಳರ ಮೊಣಕೈ ಹಿಡಿದುಕೊಂಡರು. ಉರಾಳರು ಸಾಲಿಗ್ರಾಮದವರು, ಅದೇ ಕಾಲೇಜಿನ ಸಂಸ್ಕೃತ ಉಪನ್ಯಾಸಕರು. ಕೇಳಿದವರಿಗೆ ಸಲಹೆ ಇಲ್ಲ ಎಂದ ಮನುಷ್ಯನೇ ಅಲ್ಲ.

"ತತ್ವ ಅಂಬುದ್ ಸಿಕ್ಕದ್ದೆಲ್ಲ ತಿಂಬವ್ನಿಗ್ ಹೊಳೂದಿಲ್ಲ ಮಾರಾಯ್ರೆ. ಮೊದ್ಲ್ ಆಹಾರ ಶುದ್ಧ ಆಯ್ಕ್. ಬೆಳ್ಗಾತ ಎದ್ದ್ ಒಂದ್ ಕಡೆ ಸುಮ್ನೆ ಕೂಕಣ್ಕ್. ಮತ್ತೊಂದ್ ಕಾಣಿ, ಹಣ್ಣಾಪಲ್ಲೊರೆಗೆ ಯಾರ ಹತ್ರವೂ ಬಾಯಿ ಬಿಡುಕಾಗ. ಬಿಟ್ರೆ ಕೆಡ್ತ್."

ಉರಾಳರು ಮೀನು ಎಂಬ ಶಬ್ದವನ್ನು ಎತ್ತಿರಲಿಲ್ಲ. ಅವರು ಅಂದದ್ದು ಆಗಷ್ಟೇ ತಾವೇ ತಿಂದು ಬಂದು ಎದೆ ಉರಿಸಿಕೊಂಡಿದ್ದ ಕ್ಯಾಂಟೀನಿನ ಗೋಳಿಬಜೆಯನ್ನು ನೆನೆದು. ಆದರೆ ಶುದ್ಧ ಆಹಾರ ಎಂದ ಕೂಡಲೇ ಮಾಸ್ಟ್ರಿಗೆ ತಮ್ಮ ಮನೆಯ ಬಟ್ಟಲು ಕಣ್ಣಿಗೆ ಕಟ್ಟಿತು. ಅದರಲ್ಲಿ ಬಿಡಬಹುದಾದದ್ದು ಅಂತ ಇದ್ದದ್ದು ಒಂದೇ.

ಹೀಗೆ ಆ ಭಾನುವಾರ ಬಂತು. ಹೆಂಡತಿ ಜಲಜ ಕುಚ್ಚಲಕ್ಕಿ ಅನ್ನದ ಪಕ್ಕ ಹುರಿದ ಬಂಗುಡೆ ಇಟ್ಟಳು. ಮಾಸ್ಟ್ರು ಬಟ್ಟಲನ್ನು ಮೆಲ್ಲಗೆ ಆಚೆ ಸರಿಸಿದರು.

"ಹ್ವಾಯ್, ಎಂತಾಯ್ತ್?"

"ಎಂತ ಇಲ್ಲ. ನಂಗ್ ಅನ್ನ ಮಜ್ಗಿ ಸಾಕ್."

"ಖಾರ ಹೆಚ್ಚಾಯ್ತಾ?"

"ಇಲ್ಲ."

"ಮತ್ತೆಂತಕ್ ಬ್ಯಾಡ?"

"ಕಾಣ್ ಜಲಜ, ದೆಹಲಿಯಿಂದ ಸಮಿತಿ ಬಂದ್ ಹೋಪಲ್ಲೊರೆಗೆ ನಾನ್ ಎಂತ ಹೇಳೂ ಹಾಂಗಿಲ್ಲ."

ಜಲಜ ಒಲೆ ಆರಿಸಿ ಎದುರು ಮನೆಗೆ ಓಡಿದಳು. ಅಲ್ಲಿರುವುದು ಅವಳ ತಾಯಿ ಪದ್ದು. ಬುಟ್ಟಿ ಹೊತ್ತು ಕುಂದಾಪುರದ ಕಾಲೇಜು ಸುತ್ತಿನ ಓಣಿಗಳಲ್ಲಿ ಮೀನು ಮಾರುವವಳು. ಅಳಿಯ ಕಾಲೇಜು ಮಾಸ್ಟ್ರು ಎಂಬ ಹೆಮ್ಮೆಯನ್ನು ಮೀನಿನ ಜೊತೆ ಮನೆ ಮನೆಗೆ ಕೊಟ್ಟು ಬರುತ್ತಿದ್ದಳು. ಅದಕ್ಕೆ ಬೇರೆ ದರ ಇರಲಿಲ್ಲ. ಅವಳು ಬಂದವಳೇ ಅಳಿಯನ ಎದುರು ಕೂತು, ಕೇಳದೆ ಮಾಡದೆ ಅವರ ಕಣ್ಣರೆಪ್ಪೆ ಕೆಳಗೆಳೆದು ನೋಡಿದಳು.

"ಕಾಮಾಲೆ ಅಲ್ಲ. ಕಣ್ಣ್ ಬೆಳ್ಳಗೇ ಇತ್ತ್. ನಾಲ್ಗಿ ಕಾಂಬ, ಮಾಸ್ಟ್ರೆ."

ಮಾಸ್ಟ್ರು ನಾಲಿಗೆ ತೋರಿಸಿದರು. ನಾಲಿಗೆಯಲ್ಲಿ ನೀರೂರಿತ್ತು.

"ಇದೂ ಸಮ ಇತ್ತ್. ಅಯ್ಯಪ್ಪನ ಮಾಲಿ ಹಾಕೂಕೆ ಇನ್ನೂ ದಿನ ಇತ್ತ್. ಹರ್ಕಿ ಗಿರ್ಕಿ ಹೊತ್ಕಂಡಿರ್ಯಾ?"

"ಇಲ್ಲ ಅತ್ತೆ."

"ಮತ್ತೆ ನಾನ್ ತಂದ ಮೀನಿಗ್ ಎಂತ ಬಂದಿತ್ತ್?" ಎಂದು ಕೇಳಿದಳು ಪದ್ದು.

ಮಾಸ್ಟ್ರಿಗೆ ಬೇಸರವಾಯಿತು. ಆದರೆ ಬಾಯಿ ಬಿಟ್ಟರೆ ಕೆಡುತ್ತದೆಯಲ್ಲ! "ಸಮಿತಿ ಬರ್ಲಿ. ಆ ಮೇಲೆ ಎಲ್ಲ ಗೊತ್ತಾತ್ತ್" ಎಂದು ಹೇಳಿ ಮಜ್ಜಿಗೆ ಕುಡಿದರು.

ಮರುದಿನ ಬೆಳಿಗ್ಗೆ ಅವರು ಎದ್ದು ಹೋಗಿ ಕಡಲ ತೀರದಲ್ಲಿ ಮಗುಚಿ ಹಾಕಿದ ದೋಣಿಯ ಮೇಲೆ ಕೂತರು. ತತ್ವ ಬರಲಿಲ್ಲ. ಅದರ ಬದಲು ಅವರೆದುರೇ ಬಲೆ ಎಳೆದು, ಮಿರಿ ಮಿರಿ ಮಿಂಚುವ ಬಂಗುಡೆ ಸುರಿದರು. ಮಾಸ್ಟ್ರು ಅದನ್ನೇ ಎವೆಯಿಕ್ಕದೆ ನೋಡಿ ಉದ್ದಕ್ಕೆ ಉಸಿರು ಬಿಟ್ಟರು. ಬಲೆ ಎಳೆದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾಸ್ಟ್ರು ಬೆಳ್ಳಂಬೆಳಿಗ್ಗೆ ಬಂದು ಮೀನು ಪರೀಕ್ಷೆ ಮಾಡುತ್ತಿದ್ದಾರೆ, ತಲೆ ಬೇರೆ ಅಲ್ಲಾಡಿಸುತ್ತಾರೆ ಎಂಬ ವರದಿ ಮಂಜಯ್ಯನ ಚಾ ಅಂಗಡಿಗೆ ಮುಟ್ಟಿತು.

ಮಂಜಯ್ಯ ಬೊಂಬಾಯಿಯ ಹೋಟೆಲುಗಳಲ್ಲಿ ದುಡಿದು ಬಂದವನು. ಬರುವಾಗ ಸ್ವಲ್ಪ ಹಿಂದಿಯನ್ನೂ, ಎಲ್ಲದರ ಒಳಗುಟ್ಟು ತನಗೆ ಗೊತ್ತು ಎಂಬ ಧೈರ್ಯವನ್ನೂ ತಂದಿದ್ದ. ಮಾಸ್ಟ್ರು ಬಸ್ಸಿಗೆ ಹೋಗುವಾಗ ಅವನು ಅಡ್ಡ ಹಾಕಿದ.

"ಹ್ವಾಯ್ ಮಾಸ್ಟ್ರೆ! ದೆಹಲಿಯಿಂದ ಸಮಿತಿ ಬಪ್ಪುದ್ ಹೌದಾ?"

"ಹೌದ್."

"ಅವ್ರ್ ಬಪ್ಪಲ್ಲೊರೆಗೆ ನೀವ್ ಮೀನ್ ತಿಂಬುದಿಲ್ಲ?"

"ಇಲ್ಲ."

"ಎಂತಕ್ ಅಂತ ಹೇಳುಕಾಗ?"

"ಹೇಳುಕಾಗ."

"ಸಮಝ್ ಗಯಾ" ಎಂದ ಮಂಜಯ್ಯ. ಅರ್ಥವಾಯಿತು ಎಂಬ ಈ ಹಿಂದಿ ಮಾತನ್ನು ಅವನು ಹೇಳಿದಾಗಲೆಲ್ಲ ಊರಿಗೆ ಏನಾದರೊಂದು ಗ್ರಹಚಾರ ಕಾದಿರುತ್ತದೆ.

ಮಧ್ಯಾಹ್ನದೊಳಗೆ ಸುದ್ದಿ ತಯಾರಾಯಿತು. ಕೆಡದಿರಲೆಂದು ಮೀನಿಗೆ ವಿಷದ ಮದ್ದು ಹಾಕುತ್ತಾರೆಂಬುದರ ತನಿಖೆಗೆ ದೆಹಲಿಯಿಂದ ಸಮಿತಿ ಬರುತ್ತಿದೆ, ಕಾಲೇಜಿನ ಲ್ಯಾಬಿನಲ್ಲಿ ಈಗಾಗಲೇ ಟೆಸ್ಟ್ ಆಗಿದೆ, ರಿಸಲ್ಟ್ ಗೋವರ್ಧನ ಮಾಸ್ಟ್ರಿಗೆ ಗೊತ್ತು, ಹೇಳಬಾರದೆಂದು ಆರ್ಡರ್. ಮಾಸ್ಟ್ರು ಕಲಿಸುವುದು ಅರ್ಥಶಾಸ್ತ್ರ, ಲ್ಯಾಬಿನ ಬಾಗಿಲು ಯಾವ ಕಡೆ ಎಂದೂ ಅವರಿಗೆ ತಿಳಿಯದು ಎಂಬ ವಿಚಾರವನ್ನು ಯಾರೂ ಎತ್ತಲಿಲ್ಲ. ಎತ್ತಿದ್ದರೆ ಒಂದು ಒಳ್ಳೆಯ ಸುದ್ದಿ ಹಾಳಾಗುತ್ತಿತ್ತು.

ಸುದ್ದಿ ಬಸ್ಸು ಹತ್ತಿತು. ತೆಕ್ಕಟ್ಟೆಯಲ್ಲಿ ಇಳಿಯುವಾಗ ಅದಕ್ಕೆ ಮೂರು ಜನರ ವಾಂತಿ ಸೇರಿತ್ತು. ಬ್ರಹ್ಮಾವರಕ್ಕೆ ಮುಟ್ಟುವಾಗ ಒಂದು ಮನೆಯಿಡೀ ಆಸ್ಪತ್ರೆ ಸೇರಿತ್ತು. ಬಡಗಿನ ಬಸ್ಸು ಹಿಡಿದು ಬೈಂದೂರಿಗೆ ಹೋದದ್ದಂತೂ ಮಾಸ್ಟ್ರನ್ನೇ ಮಲಗಿಸಿಬಿಟ್ಟಿತು. ಬೈಂದೂರಿನಲ್ಲಿದ್ದ ಅವರ ಚಿಕ್ಕಮ್ಮ ಸುಗುಣ ಎರಡು ಎಳನೀರು, ಒಂದು ಹಾರ್ಲಿಕ್ಸ್ ಬಾಟಲಿ ಹಿಡಿದು ಅಳುತ್ತಾ ಬಂದಳು. ಬಂದು ನೋಡಿದರೆ ಮಾಸ್ಟ್ರು ಜಗಲಿಯಲ್ಲಿ ಕೂತು ಅನ್ನ ಮಜ್ಜಿಗೆ ಉಣ್ಣುತ್ತಿದ್ದಾರೆ. "ಅಯ್ಯೋ, ಪಥ್ಯ ಶುರು ಮಾಡಿರಲೆ! ಹಂಗಾರೆ ಸುದ್ದಿ ಖರೆ" ಎಂದು ಅವಳು ಜೋರಾಗಿ ಅತ್ತಳು. ಹಾರ್ಲಿಕ್ಸ್ ಇಟ್ಟು ಹೋದಳು.

ಇಷ್ಟರವರೆಗೆ ನಗಬಹುದು. ನಗು ನಿಂತದ್ದು ಪದ್ದುವಿನ ಬುಟ್ಟಿ ತುಂಬಿದ್ದು ತುಂಬಿದ ಹಾಗೇ ಕುಂದಾಪುರದಿಂದ ವಾಪಸು ಬಂದ ದಿನ. ಅವಳು ಬುಟ್ಟಿಯನ್ನು ಅಳಿಯನ ಮೆಟ್ಟಿಲ ಮೇಲೆಯೇ ಇಳಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಒಂದ್ ಮನಿಯವ್ರೂ ತಕಣ್ಲಿಲ್ಲ ಮಾಸ್ಟ್ರೆ. ನಿನ್ನ ಅಳಿಯನೇ ತಿಂತಿಲ್ಯಂಬ್ರಲೆ ಪದ್ದಕ್ಕ, ಮತ್ತೆ ನಾವ್ ತಿನ್ಕಾ ಅಂತ ಕೇಂತ್ರ್. ಇಷ್ಟ್ ವರ್ಷ ಆ ಓಣಿಯಲ್ ತಿರ್ಗಿದೆ, ಪದ್ದು ಹಳ್ಸಿದ್ದ್ ಕೊಟ್ಟ್ಲ್ ಅಂತ ಒಬ್ರ್ ಹೇಳಿದ್ದಿಲ್ಲ."

ಮಾಸ್ಟ್ರು ಎದ್ದು ನಿಂತು ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದರು. ಆದರೆ ನಿಜ ಎಂದರೆ ಎಲ್ಲಿಂದ ಶುರು ಮಾಡುವುದು? ಮೀನು ಬಿಟ್ಟದ್ದು ತತ್ವಕ್ಕಾಗಿ ಎನ್ನಬೇಕು. ಯಾವ ತತ್ವ ಎಂದರೆ ಇಲ್ಲ ಎನ್ನಬೇಕು. ಪದ್ದುವಿನ ಬಾಯಿಗೆ ಬಿದ್ದದ್ದು ಮರುದಿನ ಕಾಲೇಜಿನ ಓಣಿಯ ಎಲ್ಲ ಮನೆಗೂ ಮುಟ್ಟುತ್ತದೆ. ಆ ಓಣಿಯಲ್ಲೇ ಕಾಲೇಜಿನ ಅಧ್ಯಕ್ಷ ಚೆನ್ನಯ್ಯನವರ ಮನೆಯೂ ಇದೆ. ಅಲ್ಲಿಗೆ ಕಾಯಂ ಆಗುವ ಕನಸಿಗೆ ಎಳ್ಳುನೀರು ಬಿಟ್ಟಂತೆ. ತೆರೆದ ಬಾಯಿಯಿಂದ ಬಂದದ್ದು ಇಷ್ಟೇ:

"ಒಂಚೂರ್ ತಡ್ಕಣಿ ಅತ್ತೆ. ಗುರುವಾರ ಸಮಿತಿ ಬಂದ್ ಹೋಯ್ಲಿ."

"ಎಲ್ಲಿಗ್ ಬತ್ತ್ ಅದ್?"

"ನಮ್ಮ ಕಾಲೇಜಿಗೆ."

"ಒಳ್ಳಾಯ್ತ್" ಎಂದು ಪದ್ದು ಬುಟ್ಟಿ ಎತ್ತಿಕೊಂಡು ಹೋದಳು. ಬಾಗಿಲಲ್ಲಿ ನಿಂತಿದ್ದ ಜಲಜ ತಾಯಿ ಹೋದ ದಾರಿ ನೋಡಿ, ಗಂಡನ ಕಡೆ ತಿರುಗಿ, "ಅಬ್ಬಿ ಒಳ್ಳಾಯ್ತ್ ಅಂದ್ರೆ ಒಳ್ಳಿದಲ್ಲ, ಗೊತಿತ್ತಲ್ದಾ?" ಎಂದಳು.

ಸಮಿತಿ ಒಂದು ದಿನ ಮೊದಲೇ ಕುಂದಾಪುರಕ್ಕೆ ಬಂತು. ಅದರ ಮುಖ್ಯಸ್ಥರು ಪ್ರೊಫೆಸರ್ ಸಾನ್ಯಾಲ್, ಬಂಗಾಳದವರು. ಊಟದ ವ್ಯವಸ್ಥೆಯನ್ನು ಮೇಡಂ ಉರಾಳರಿಗೆ ಒಪ್ಪಿಸಿದ್ದರು. ಉರಾಳರು ಬುಧವಾರ ಬೆಳಗಿನಿಂದ ಸಾನ್ಯಾಲರಿಗೆ ಕುಂಬಳಕಾಯಿ ಹುಳಿ, ಬಾಳೆಕಾಯಿ ಪಲ್ಯ, ಸೌತೆಕಾಯಿ ಸಾಸಿವೆ, ಹೋಳಿಗೆ ಎಂದು ಬಡಿಸಿ ಬಡಿಸಿ ಪುಣ್ಯ ಕಟ್ಟಿಕೊಂಡಿದ್ದರು. ಕಡಲ ತೀರದ ಊರಿಗೆ ಹೋಗುತ್ತೇನೆಂದು ಆಸೆಪಟ್ಟು ವಿಮಾನ ಹತ್ತಿದ್ದ ಸಾನ್ಯಾಲರ ಮುಖ ಗುರುವಾರದ ಹೊತ್ತಿಗೆ ಬಾಡಿಹೋಗಿತ್ತು. ಅದೇ ಮುಖ ಹೊತ್ತು ಅವರು ಅರ್ಥಶಾಸ್ತ್ರದ ತರಗತಿಗೆ ಬಂದರು. ಹಿಂದೆ ಇನ್ನಿಬ್ಬರು ಸದಸ್ಯರು, ಮೇಡಂ, ಉರಾಳರು.

"ತತ್ವ ಇರುವುದು ಇವರ ಹತ್ತಿರ" ಎಂದು ಮೇಡಂ ಇಂಗ್ಲಿಷಿನಲ್ಲಿ ಪರಿಚಯ ಮಾಡಿಸಿದರು.

"ಹೇಳಿ, ನಿಮ್ಮ ಬೋಧನಾ ತತ್ವ ಯಾವುದು?" ಎಂದರು ಸಾನ್ಯಾಲ್.

ಮಾಸ್ಟ್ರು ಕನ್ನಡಕ ತೆಗೆದರು, ಒರೆಸಿದರು, ಹಾಕಿದರು. ಅಷ್ಟು ದಿನ ಕಡಲ ತೀರದಲ್ಲಿ ಕೂತು ಗಳಿಸಿದ್ದು ಹಸಿವೊಂದೇ. ಇನ್ನೊಮ್ಮೆ ಕನ್ನಡಕ ತೆಗೆಯಲು ಕೈ ಹೋದಾಗ ಹೊರಗೆ ಗದ್ದಲ ಕೇಳಿಸಿತು. ಗೇಟಿನ ಕಾವಲಿನವನು "ಹೋಪುಕಾಗ, ಹೋಪುಕಾಗ" ಎನ್ನುತ್ತಾ ಹಿಂದೆ ಹಿಂದೆ ನಡೆದು ಬರುತ್ತಿದ್ದ. ಅವನ ಮುಂದೆ ಬುಟ್ಟಿ ಹೊತ್ತ ಮೀನುಗಾರ್ತಿಯರ ದಂಡು, ದಂಡಿನ ಮುಂದೆ ಪದ್ದು, ಪದ್ದುವಿನ ಕೈಯಲ್ಲಿ ಮುಚ್ಚಳ ಮುಚ್ಚಿದ ಪಾತ್ರೆ.

"ಯಾರ್ ಆ ಸಮಿತಿ?" ಎಂದಳು ಪದ್ದು.

ವಿದ್ಯಾರ್ಥಿಗಳು ಒಟ್ಟಾಗಿ ಸಾನ್ಯಾಲರ ಕಡೆ ಕೈ ತೋರಿಸಿದರು. ಪದ್ದು ಪಾತ್ರೆಯನ್ನು ಮೇಜಿನ ಮೇಲೆ ಇಟ್ಟು ಮುಚ್ಚಳ ತೆಗೆದಳು. ಹುರಿದ ಬಂಗುಡೆಯ ಪರಿಮಳ ಇಡೀ ತರಗತಿಯನ್ನು ತುಂಬಿತು. ಸಾನ್ಯಾಲರ ಮೂಗಿನ ಹೊಳ್ಳೆಗಳು ಅರಳಿದವು.

"ತಿನ್ನಿ ಮಾಸ್ಟ್ರೆ. ಈ ಸಮಿತಿ ಎದ್ರೇ ತಿನ್ನಿ. ಬೆಳ್ಗಾತ ದಡಕ್ಕೆ ಬಂದ ಮೀನ್. ಇದ್ರಲ್ ಮದ್ದಿದ್ರೆ ಇವತ್ತಿಂದ ನಾನ್ ಬುಟ್ಟಿ ಹೊರೂದಿಲ್ಲ."

ಮಾಸ್ಟ್ರಿಗೆ ಅಷ್ಟು ಹೊತ್ತಿಗೆ ಮಾನದ ಯೋಚನೆ ಹೋಗಿ ಮೀನಿನ ಯೋಚನೆ ಬಂದಿತ್ತು. ಒಂದಿಡೀ ಬಂಗುಡೆ ಎತ್ತಿ ಬಾಯಿಗೆ ತುರುಕಿದರು. ಅದು ಎಷ್ಟು ರುಚಿಯಾಗಿತ್ತೆಂದರೆ ಅವರ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಮುಚ್ಚಿದ ಕಣ್ಣು ಮರುಕ್ಷಣ ತೆರೆದುಕೊಂಡಿತು. ಅವಸರದಲ್ಲಿ ಒಂದು ಮುಳ್ಳು ಗಂಟಲಲ್ಲಿ ಅಡ್ಡ ನಿಂತಿತ್ತು. ಮೀನುಗಾರರ ಮನೆಯಲ್ಲಿ ಹುಟ್ಟಿ, ಮೀನು ಮಾರುವವಳ ಮಗಳನ್ನು ಮದುವೆಯಾಗಿ, ಗಂಟಲಿಗೆ ಬಂಗುಡೆ ಮುಳ್ಳು ಸಿಕ್ಕಿಸಿಕೊಂಡವರು ಆ ಕರಾವಳಿಯಲ್ಲಿ ಅವರೊಬ್ಬರೇ ಇರಬೇಕು. ಹಿಂದೆ ನಿಂತಿದ್ದ ಮೀನುಗಾರ್ತಿಯರು ನಾಚಿಕೆಯಿಂದ ಮುಖ ತಿರುಗಿಸಿದರು.

"ಈಕೆ ಯಾರು? ಏನು ಹೇಳುತ್ತಿದ್ದಾರೆ?" ಎಂದು ಸಾನ್ಯಾಲ್ ಕೇಳಿದರು. ಕಣ್ಣು ಪಾತ್ರೆಯ ಮೇಲಿತ್ತು.

ಉರಾಳರಿಗೆ ಆಗ ಎಲ್ಲ ಹೊಳೆಯಿತು. ಶುದ್ಧ ಆಹಾರ ಎಂದು ಬಸ್ಸಿನಲ್ಲಿ ತಾವು ಬಿಟ್ಟ ಮಾತು ಈ ಅವಸ್ಥೆಗೆ ತಂದಿತೆಂದು ಅವರಿಗೆ ಅಳು ಬರುವಂತಾಯಿತು. ಆ ಪಾಪಕ್ಕೆ ಪ್ರಾಯಶ್ಚಿತ್ತ ಮಾಡಲು ಮುಂದೆ ಬಂದು ನಿಂತರು. "ಈಕೆ ಇವರ ಅತ್ತೆ. ನಾನು ಅನುವಾದ ಮಾಡುತ್ತೇನೆ" ಎಂದರು.

ಪದ್ದು ಸೊಂಟಕ್ಕೆ ಕೈ ಇಟ್ಟು ಶುರು ಮಾಡಿದಳು: "ಬೆಳ್ಗಾತ ಎದ್ದ್ ಕಡಲ್ ಕಾಂತಾ ಕೂಕಂತ್ರ್! ಮಾಡೂಕೆ ಬೇರೆ ಕೆಲ್ಸ ಇಲ್ಲ!"

"ಪ್ರಕೃತಿಯ ನೇರ ವೀಕ್ಷಣೆಯಿಂದ ಈ ಅಧ್ಯಾಪಕರ ದಿನ ಆರಂಭವಾಗುತ್ತದೆ" ಎಂದರು ಉರಾಳರು ಇಂಗ್ಲಿಷಿನಲ್ಲಿ.

"ಬಟ್ಲಿಗ್ ಹಾಕಿದ್ದನ್ನ್ ಮುಟ್ಟುದಿಲ್ಲ!"

"ಯಾರೋ ಸಿದ್ಧಪಡಿಸಿ ಬಡಿಸಿದ ಜ್ಞಾನವನ್ನು ಅವರು ಸ್ವೀಕರಿಸುವುದಿಲ್ಲ."

"ಎಂತ ಕೇಂಡ್ರೂ ಹೇಳುದಿಲ್ಲ! ನಾವೇ ತಲಿ ಕೆರ್ಕಣ್ಕ್!"

"ಉತ್ತರವನ್ನು ತಾವಾಗಿ ಕೊಡುವುದಿಲ್ಲ. ಕೇಳಿದವರೇ ಯೋಚಿಸಿ ಕಂಡುಕೊಳ್ಳುವಂತೆ ಮಾಡುತ್ತಾರೆ."

"ಇವ್ರ್ ಒಬ್ರ್ ಮಾಡಿದ್ದಕ್ಕೆ ನಾವೆಲ್ಲ ಬೀದಿಗ್ ಬಂದಾಯ್ತ್!"

ಉರಾಳರು ಒಂದು ಕ್ಷಣ ತಡವರಿಸಿದರು. ಆಮೇಲೆ ಬಾಗಿಲಲ್ಲಿ ಕಿಕ್ಕಿರಿದು ನಿಂತ ದಂಡಿನ ಕಡೆ ಕೈ ಬೀಸಿ, "ಇವರೊಬ್ಬರ ಪ್ರಯೋಗದಿಂದ ಇಡೀ ಸಮಾಜವೇ ತರಗತಿಗೆ ಬಂದಿದೆ. ತಾವೇ ನೋಡುತ್ತಿದ್ದೀರಿ" ಎಂದರು.

ಸದಸ್ಯರಿಬ್ಬರೂ ಬರೆದುಕೊಂಡರು. ಸಾನ್ಯಾಲ್ ಮಾಸ್ಟ್ರ ಕಡೆ ತಿರುಗಿ, "ಇದು ನಿಜವೇ?" ಎಂದರು. ಮಾಸ್ಟ್ರು ಒಂದು ಕೈಯಲ್ಲಿ ಗಂಟಲು ಹಿಡಿದು, ಇನ್ನೊಂದು ಕೈಯನ್ನು ಇಲ್ಲ ಇಲ್ಲ ಎಂದು ಆಡಿಸಿದರು. ಕಣ್ಣಿಂದ ನೀರು ಧಾರಾಕಾರ ಸುರಿಯುತ್ತಿತ್ತು.

"ಎಂಥ ವಿನಯ!" ಎಂದರು ಸಾನ್ಯಾಲ್.

ಆಮೇಲೆ ಅವರು ತಡೆಯಲಾರದೆ ಪಾತ್ರೆಗೆ ಕೈ ಹಾಕಿದರು. ಒಂದು ಬಂಗುಡೆ ಎತ್ತಿ, ಬೆನ್ನಿನಿಂದ ಬಾಲದವರೆಗೆ ಲೀಲಾಜಾಲವಾಗಿ ಬಿಡಿಸಿ, ಮುಳ್ಳು ಮಾತ್ರ ಉಳಿಸಿ ಇಟ್ಟರು. ಇನ್ನೊಂದು ಎತ್ತಿದರು. ಮೂರನೆಯದಕ್ಕೆ ಮೇಡಂ ನೀರು ತರಿಸಿದರು. ಪದ್ದು ಆ ಮುಳ್ಳಿನ ಹಂದರ ನೋಡಿ, "ಇವ್ರಿಗ್ ತಿಂಬುಕೆ ಬತ್ತ್!" ಎಂದು ಕೂಗಿದಳು. ಬಾಗಿಲಲ್ಲಿದ್ದ ದಂಡು ಹೋ ಎಂದಿತು. ದೆಹಲಿಯ ಸಮಿತಿಯೇ ಕೂತು ಮೀನು ತಿಂತು ಎಂಬ ಸುದ್ದಿ ಓಣಿಗೆ ಇಳಿಯಿತು. ಬುಟ್ಟಿಗಳು ಕಾಲೇಜಿನ ಗೇಟು ದಾಟುವ ಮೊದಲೇ ಖಾಲಿಯಾದವು. ಪದ್ದುವಿನ ಹಳೆಯ ಗಿರಾಕಿಗಳು ಜಗಳ ಮಾಡಿ ಕೊಂಡುಹೋದರು.

ಪದ್ದು ಯಾರದೋ ಊಟದ ಡಬ್ಬಿಯಿಂದ ಅನ್ನದ ಉಂಡೆ ಕಟ್ಟಿ ಅಳಿಯನಿಗೆ ನುಂಗಿಸಿದಳು. ಮುಳ್ಳು ಇಳಿಯಿತು. ಮಾಸ್ಟ್ರು ಸಾನ್ಯಾಲರ ಕಡೆ ತಿರುಗಿ, "ಸರ್, ವಾಸ್ತವವಾಗಿ..." ಎಂದು ಶುರು ಮಾಡುವಷ್ಟರಲ್ಲಿ ಮೇಡಂ ಪದ್ದುವಿಗೆ ಕಣ್ಣಲ್ಲೇ ಸನ್ನೆ ಮಾಡಿದರು. ಇನ್ನೊಂದು ಉಂಡೆ ಬಾಯಿಗೆ ಬಿತ್ತು.

ವರದಿ ಬಂತು. ಕಾಲೇಜಿಗೆ ಯಾರೂ ಎಣಿಸದಷ್ಟು ಒಳ್ಳೆಯ ದರ್ಜೆ ಬಂದಿತ್ತು. ಅದರಲ್ಲಿ ಮಾಸ್ಟ್ರ ತತ್ವದ ಬಗ್ಗೆಯೇ ಒಂದು ಉದ್ದದ ಪ್ಯಾರಾ ಇತ್ತು; ಮಾಸ್ಟ್ರು ಓದಿದರು, ಅವರಿಗೆ ಅರ್ಥವಾಗಲಿಲ್ಲ. ಚೆನ್ನಯ್ಯನವರು ಅವರನ್ನು ಮನೆಗೆ ಕರೆಸಿದರು. ಗೋಡಂಬಿ ಕಾರ್ಖಾನೆಯ ಧಣಿಗಳು, ನೇರ ಮಾತಿನವರು. ಮೇಜಿನ ಮೇಲೆ ಕಾಯಂ ಮಾಡುವ ಆದೇಶ ಇತ್ತು, ಸಹಿ ಇರಲಿಲ್ಲ.

"ಬನ್ನಿ ಮಾಸ್ಟ್ರೆ. ಸಹಿ ಹಾಕೂಕ್ ಮುಂಚೆ ಒಂದ್ಸಲ ನಿಮ್ಮ ಬಾಯಲ್ಲೇ ಕೇಂಬ ಅಂತ. ಆ ತತ್ವ ಎಂತದ್ದ್?"

ಮಾಸ್ಟ್ರು ಬಾಗಿಲ ಕಡೆ ನೋಡಿದರು. ಉರಾಳರು ಕೋಟದಲ್ಲಿ ಯಾರದೋ ಮದುವೆಗೆ ಹೋಗಿದ್ದರು. ಅನುವಾದ ಮಾಡಲು ಯಾರೂ ಇರಲಿಲ್ಲ. ಆ ಸಹಿ ಇಲ್ಲದ ಕಾಗದವನ್ನು ನೋಡುತ್ತಾ ಅವರಿಗೆ ತುಂಬಾ ದುಃಖವಾಯಿತು. ಇಷ್ಟು ವರ್ಷ ಕಾದದ್ದು ಕೈಗೆ ಬಂದು ಜಾರಿ ಹೋಗುತ್ತಿದೆ ಅನ್ನಿಸಿತು. ಆದರೆ ಇನ್ನೊಂದು ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ.

"ತತ್ವ ಗಿತ್ವ ಎಂತದೂ ಇಲ್ಲ ಧಣಿಗಳೆ. ಇತ್ತ್ ಅಂತ ಸುಮ್ನೆ ಜಂಬ ಕೊಚ್ದೆ. ಅದ್ ಬರ್ಲಿ ಅಂತ ಮೀನ್ ಬಿಟ್ಟೆ. ಬರ್ಲಿಲ್ಲ. ಅವತ್ತ್ ಅತ್ತೆ ಬೈದದ್ದನ್ನೇ ಉರಾಳ್ರ್ ಇಂಗ್ಲಿಷ್ ಮಾಡಿರ್. ನಂಗ್ ಗಂಟ್ಲಲ್ ಮುಳ್ಳ್ ಸಿಕ್ಕಿತ್ತ್."

"ಅಂದ್ರೆ, ಇಲ್ಲ?"

"ಇಲ್ಲ."

ಚೆನ್ನಯ್ಯನವರು ಪೆನ್ನಿನ ಮುಚ್ಚಳ ತೆಗೆದರು.

"ಕಾಣಿ ಮಾಸ್ಟ್ರೆ. ಸಮಿತಿ ಅಂಬುದ್ ದೆಹಲಿಯಿಂದ ಬಂದ್, ಕಣ್ಣಾರೆ ಕಂಡ್, ನಿಮ್ಮತ್ರ ತತ್ವ ಇತ್ತ್ ಅಂತ ಬರ್ದ್, ಸೀಲ್ ಹಾಕಿ ಕಳ್ಸಿತ್ತ್. ಇಲ್ಲ ಅಂಬುಕೆ ನೀವ್ ಯಾರ್?"

ಮಾಸ್ಟ್ರು ಸಹಿಯಾದ ಆದೇಶವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ತಮಗೊಂದು ತತ್ವ ಇದೆಯೆಂದು ಒಪ್ಪಿಕೊಂಡು ಹೊರಗೆ ಬಂದರು.